ಚಿತ್ರಗಳಲ್ಲಿ ಮಲೆನಾಡಿನ ರಾತ್ರಿಕಾಡು ಹಸಿರಾಗಿ ಹೊಳೆಯುವುದು ಬರೀ ಕಲ್ಪನೆಯೇ?

ಅಲ್ಲ. ಹೊಳಪು ನಿಜ, ಅದರ ಅಬ್ಬರ ಮಾತ್ರ ಚಿತ್ರಕಾರರದ್ದು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಳೆಗಾಲ ಹಿಡಿದ ಮೇಲೆ ಕೊಳೆತ ಮರದ ಮೇಲೆ ಬೆಳೆಯುವ ಕೆಲವು ಜಾತಿಯ ಅಣಬೆಗಳು ತಾವಾಗಿಯೇ ಬೆಳಗುತ್ತವೆ. ಅವುಗಳೊಳಗಿನ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದ ಜೊತೆ ಸೇರಿದಾಗ ಬಿಸಿಯಿಲ್ಲದ ಹಸಿರು ಬೆಳಕು ಬರುತ್ತದೆ. ಮಿಂಚುಹುಳದ್ದೂ ಹೆಚ್ಚುಕಡಿಮೆ ಇದೇ ಉಪಾಯ.

ಆದರೆ ಫ್ಯಾಂಟಸಿ ಚಿತ್ರ ನೋಡಿ ಆಗುಂಬೆಗೋ ಹೊಸನಗರದ ಕಡೆಗೋ ಹೋದರೆ ನಿರಾಸೆಯಾದೀತು. ಈ ಬೆಳಕು ತೀರಾ ಮಂದ. ಟಾರ್ಚ್ ಆರಿಸಿ, ಮೊಬೈಲ್ ಜೇಬಿಗಿಟ್ಟು, 20 ನಿಮಿಷವಾದರೂ ಕತ್ತಲಲ್ಲಿ ನಿಲ್ಲಬೇಕು (ಅಷ್ಟರಲ್ಲಿ ಉಂಬಳಗಳು ಕಾಲು ಹುಡುಕಿಕೊಂಡು ಬಂದಿರುತ್ತವೆ). ಆಗಲೂ ಕಾಣುವುದು ಹೆಚ್ಚಾಗಿ ಬೂದಿಬಿಳುಪು. ಕಾರಣ ನಮ್ಮ ಕಣ್ಣು: ಬಣ್ಣ ಗುರುತಿಸುವ ಕೋಶಗಳೇ ಬೇರೆ, ಮಂದ ಬೆಳಕು ಹಿಡಿಯುವ ಕೋಶಗಳೇ ಬೇರೆ, ಎರಡನೆಯವಕ್ಕೆ ಬಣ್ಣ ತಿಳಿಯದು. ಕ್ಯಾಮೆರಾ ಹಾಗಲ್ಲ. ಶಟರ್ ಅರ್ಧ ನಿಮಿಷ ತೆರೆದಿಟ್ಟರೆ ಬೆಳಕು ಕೂಡುತ್ತಾ ಹೋಗಿ ಹಸಿರು ಎದ್ದು ಕಾಣುತ್ತದೆ. ಹಾಗಾಗಿ ಕುಂಚದ ಆ ಗಾಢ ಹಸಿರು ಕಾಡಿಗಿಂತ ಫೋಟೊಗಳಿಗೇ ಹತ್ತಿರ ಅನ್ನಿಸುತ್ತದೆ ನನಗೆ. ಬೂದಿಬಣ್ಣದಲ್ಲೇ ಬರೆದವರಿದ್ದರೆ, ಅವರು ಕತ್ತಲಲ್ಲಿ ನಿಂತು ನೋಡಿ ಬಂದವರಿರಬೇಕು.