ಸಿಮೆಂಟ್ ಅಂಗಡಿಯಲ್ಲಿ ಮೊದಲು ಕಲಿಯಬೇಕಾದ್ದು

ಪ್ರಶ್ನೆ: ಚಿಕ್ಕಮಗಳೂರಿನ ಸಿಮೆಂಟ್, ಕಬ್ಬಿಣದ ಅಂಗಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ಮೊದಲು ಏನು ಕಲಿಯಲಿ?

ಉತ್ತರ: ಗೋಡೌನ್ ನೋಡಿಕೊಳ್ಳುವುದನ್ನು. ಮಲೆನಾಡಿನ ಮಳೆಗಾಲದಲ್ಲಿ ಸರಕು ಕೆಡುವುದೇ ಅಲ್ಲಿ. ಸಿಮೆಂಟ್ ಮೂಟೆ ನೆಲಕ್ಕೆ ತಾಗಬಾರದು. ಹಲಗೆ ಹಾಕಿ, ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸಿ. ಹತ್ತು ಮೂಟೆಗಿಂತ ಎತ್ತರ ಪೇರಿಸಿದರೆ ಅಡಿಯ ಮೂಟೆ ಭಾರಕ್ಕೆ ಗಟ್ಟಿಯಾಗುತ್ತದೆ. ಚೀಲದ ಮೇಲಿನ ತಯಾರಿಕೆಯ ವಾರ, ವರ್ಷ ನೋಡಿ ಹಳೆಯದನ್ನೇ ಮೊದಲು ಕಳಿಸಿ. ಮೂರು ತಿಂಗಳು ದಾಟಿದ್ದನ್ನು ಗಿರಾಕಿಗೆ ಹೇಳದೆ ಕೊಡಲೇಬೇಡಿ, ಅದು ಅವರ ಮನೆಯ ಪ್ರಶ್ನೆ. ಬೆರಳಲ್ಲಿ ಹಿಚುಕಿದರೂ ಪುಡಿಯಾಗದ ಗಂಟು ಸಿಕ್ಕರೆ ಆ ಮೂಟೆ ಮಾರಾಟಕ್ಕಲ್ಲ.

ಕಬ್ಬಿಣದ ಲೆಕ್ಕ ಸುಲಭ: ಸರಳಿನ ದಪ್ಪದ ಎಂ.ಎಂ. ಅಳತೆಯನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 12 ಎಂ.ಎಂ.ನ 12 ಮೀಟರ್ ಸರಳು ಸುಮಾರು 10.66 ಕಿಲೋ.