ಮೊದಲ ಸೆಪ್ಟೆಂಬರ್ ಬಿಲ್ಲಿಲ್ಲದೆ ಹೋಗಿ

ನಮಸ್ಕಾರ. ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ಗೆ ಬಂದು ಕೆಲವೇ ತಿಂಗಳಾಗಿದೆ ಎಂದು ಬರೆದಿದ್ದೀರಿ. ಕಚೇರಿಯ ಗೆಳೆಯರೊಬ್ಬರು ತಾವೇ ಕೆತ್ತಿದ ಮರದ ಬಿಲ್ಲು ಹಿಡಿದು ಪ್ರತಿ ಸೆಪ್ಟೆಂಬರ್‌ನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುತ್ತಾರೆ. ನಾನೂ ಹೋಗಬಹುದೇ, ವೀಸಾದಲ್ಲಿರುವವರಿಗೆ ತೊಂದರೆಯಾಗುತ್ತದೆಯೇ, ಊರಿನಲ್ಲಿ ತಿಳಿದರೆ ಏನೆಂದುಕೊಂಡಾರು ಎಂಬುದು ನಿಮ್ಮ ಪ್ರಶ್ನೆ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಎಂದರೆ ಅಪರಾಧ ಎಂದೇ ಬೆಳೆದವರು ನಾವು. ಇಲ್ಲಿ ಅದು ಪರವಾನಗಿ, ಋತು, ವಲಯಗಳ ಲೆಕ್ಕಾಚಾರ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಶಿಕ್ಷಣದ ತರಗತಿ ಮುಗಿಸದೆ ಕೊಲೊರಾಡೊದಲ್ಲಿ ಸಾಮಾನ್ಯವಾಗಿ ಪರವಾನಗಿ ಸಿಗುವುದಿಲ್ಲ. ಆರು ತಿಂಗಳು ಇಲ್ಲೇ ನೆಲೆಸಿದವರಿಗೆ ನಿವಾಸಿಯ ದರ. ಹೊರಗಿನವರು ತೆರುವುದು ಅದರ ಹತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಆತುರ ಬೇಡ. ವೀಸಾದಲ್ಲಿರುವವರು ಬಂದೂಕು ಹಿಡಿಯುವುದಕ್ಕೆ ಕೇಂದ್ರ ಕಾನೂನಿನ ನಿರ್ಬಂಧವಿದೆ, ಬೇಟೆ ಪರವಾನಗಿ ಇದ್ದವರಿಗೆ ಅದರಲ್ಲಿ ವಿನಾಯಿತಿಯೂ ಇದೆ. ಬಿಲ್ಲು ಆ ಕಾನೂನಿನ ಪ್ರಕಾರ ಬಂದೂಕಲ್ಲ, ಹಾಗಾಗಿ ಆ ಗೋಜೇ ಇಲ್ಲ.

ಇನ್ನು ಬಿಲ್ಲು. ನಿಮ್ಮ ಗೆಳೆಯರದು ಬಹುಶಃ ಒಸೇಜ್ ಆರೆಂಜ್ ಮರದ್ದಿರಬೇಕು. ಇಲ್ಲಿ ಬಿಲ್ಲು ಕೆತ್ತುವವರಿಗೆ ಅದರ ಮೇಲೆಯೇ ಕಣ್ಣು. ಹೆಸರಿನಲ್ಲಿ ಕಿತ್ತಳೆ ಇದ್ದರೂ ಅದು ನಮ್ಮ ಹಲಸಿನ ಕುಟುಂಬಕ್ಕೆ ಸೇರಿದ ಮರ, ಚೇಗಿನ ಹಳದಿಯೂ ಹಲಸಿನದೇ. ಮುಳ್ಳುತಂತಿ ಬರುವ ಮೊದಲು ಕಾನ್ಸಾಸ್‌ನ ರೈತರು ಅದನ್ನು ಹೊಲದ ಸುತ್ತ ಜೀವಂತ ಬೇಲಿಯಾಗಿ ನೆಟ್ಟಿದ್ದರು. ಆ ಸಾಲುಗಳಲ್ಲಿ ಈಗಲೂ ಮರ ಸಿಗುತ್ತದೆ. ದಿಮ್ಮಿಯನ್ನು ಗರಗಸದಿಂದ ಕೊಯ್ಯುವುದಿಲ್ಲ, ಬೆಣೆ ಹೊಡೆದು ಎಳೆಯ ಗುಂಟ ಸೀಳುತ್ತಾರೆ. ತುದಿಗಳಿಗೆ ಅಂಟು ಬಳಿದು ವರ್ಷಗಟ್ಟಲೆ ಒಣಗಿಸಿದ ಮೇಲೆ ತೊಗಟೆ, ಅದರಡಿಯ ಬಿಳಿ ಮರ ಎಲ್ಲವನ್ನೂ ತೆಗೆದು ಚೇಗಿನ ಒಂದೇ ಒಂದು ವಾರ್ಷಿಕ ಉಂಗುರವನ್ನು ಬಿಲ್ಲಿನ ಬೆನ್ನಾಗಿ, ಅಂದರೆ ಗುರಿಯತ್ತ ಇರುವ ಬದಿಯಾಗಿ, ಉಳಿಸಿಕೊಳ್ಳಬೇಕು. ಕತ್ತಿ ಒಂದು ಕಡೆ ಆ ಉಂಗುರವನ್ನು ದಾಟಿದರೆ ಮುಂದೆ ಬಿಲ್ಲು ಮುರಿಯುವುದು ಅಲ್ಲಿಂದಲೇ. ನಂತರದ್ದೆಲ್ಲ ತಾಳ್ಮೆ: ಹೆದೆಯನ್ನು ಸ್ವಲ್ಪ ಎಳೆ, ಎರಡೂ ತುದಿ ಸಮನಾಗಿ ಬಾಗುತ್ತಿವೆಯೇ ನೋಡು, ಬಿಗಿಯಾಗಿರುವ ಕಡೆ ಹೊಟ್ಟೆಯ, ಅಂದರೆ ನಿಮ್ಮತ್ತ ಇರುವ, ಭಾಗದಿಂದ ಅರದಲ್ಲಿ ನಾಲ್ಕು ಉಜ್ಜು ಉಜ್ಜು, ಮತ್ತೆ ಎಳೆ. ತೆಗೆದ ಮರವನ್ನು ಮರಳಿ ಅಂಟಿಸಲಾಗದು.

ಕೊಲೊರಾಡೊದ ನಿಯಮದಂತೆ ಬಿಲ್ಲಿನ ಸೆಳೆತ ಕನಿಷ್ಠ 35 ಪೌಂಡ್ ಇರಬೇಕು. ಎಲ್ಕ್‌ಗೆ ಅದು ಸಾಲದು, ಐವತ್ತರ ಆಸುಪಾಸಿನದನ್ನು ಆರಾಮವಾಗಿ ಎಳೆಯುವಂತಾಗುವವರೆಗೆ ಕಾಡಿನ ಮಾತು ಬೇಡ ಎಂಬುದು ನನ್ನ ಅಭಿಪ್ರಾಯ. ಬಾಣದ ಮೊನೆಗೆ ಕನಿಷ್ಠ ಎರಡು ಉಕ್ಕಿನ ಅಲಗು ಇರಲೇಬೇಕು. ಕಲ್ಲಿನ ಮೊನೆ ಕೆತ್ತುವ ಆಸೆಯಿದ್ದರೆ ಅದನ್ನು ಗೋಡೆಗೆ ತೂಗುಹಾಕಿ. ರಾಟೆಗಳಿರುವ ಕಾಂಪೌಂಡ್ ಬಿಲ್ಲಾದರೆ ಪೂರ್ತಿ ಎಳೆದ ಮೇಲೆ ಭಾರ ಇಳಿಯುತ್ತದೆ, ಹಿಡಿದು ಕಾಯಬಹುದು. ಮರದ ಬಿಲ್ಲಿನಲ್ಲಿ ಎಳೆದಷ್ಟೂ ಭಾರ, ಕಾಯುವ ಮಾತಿಲ್ಲ. ಇಪ್ಪತ್ತು ಗಜದೊಳಗೆ ಬರದ ಪ್ರಾಣಿಯನ್ನು ನೋಡಿ ಸಂತೋಷಪಟ್ಟು ಬಿಟ್ಟುಬಿಡಬೇಕು.

ಆ ಇಪ್ಪತ್ತು ಗಜವೇ ಇಡೀ ವಿಷಯ. ಅಜ್ಜನ ಕಾಲದ ಮಲೆನಾಡಿನಲ್ಲಿ ಹಳು ನುಗ್ಗಿ ಗದ್ದಲವೆಬ್ಬಿಸಿ ಪ್ರಾಣಿಯನ್ನು ಈಡುಗಾರನತ್ತ ಓಡಿಸುತ್ತಿದ್ದರಂತೆ. ಇಲ್ಲಿ ಓಡಿಸುವವರಿಲ್ಲ, ನಾಯಿಯಿಲ್ಲ. ಸೆಪ್ಟೆಂಬರ್ ಎಲ್ಕ್‌ಗಳ ಬೆದೆಯ ಕಾಲ. ಗಂಡು ಕೂಗುತ್ತದೆ, ಕಡವೆಗಿಂತ ದೊಡ್ಡ ಆ ದೇಹದಿಂದ ಕೊಳಲಿನ ಮೇಲು ಸ್ಥಾಯಿಯಂಥ ಸ್ವರ ಹೊರಡುತ್ತದೆ. ದನಿ ಎಲ್ಲಿಂದ ಎಂದು ತಿಳಿಯುವುದು ಸುಲಭ, ಹತ್ತಿರ ಸೇರುವುದು ಕಷ್ಟ, ಏಕೆಂದರೆ ಅದರ ಮೂಗು. ಬೆಳಗಿನ ತಂಪಿಗೆ ಗಾಳಿ ಕಣಿವೆಗೆ ಇಳಿಯುತ್ತದೆ. ಬಿಸಿಲು ಇಳಿಜಾರಿಗೆ ತಗುಲಿದ ಮೇಲೆ ಅದೇ ಗಾಳಿ ಮೇಲೇರುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಬದಲಾಗುವ ಆ ಹೊತ್ತಿನಲ್ಲಿ ನೀವು ತಪ್ಪು ಬದಿಯಲ್ಲಿದ್ದರೆ ಹಿಂಡು ಪೊದೆ ಮುರಿದುಕೊಂಡು ಓಡುವ ಸದ್ದಷ್ಟೇ ಸಿಗುತ್ತದೆ. ಎದುರಿಗೆ ನಿಂತದ್ದಕ್ಕೆ ಬಾಣ ಬಿಡಬೇಡಿ, ಮಗ್ಗುಲು ತೋರಿಸುವವರೆಗೆ ಕಾಯಿರಿ, ಗುರಿ ಶ್ವಾಸಕೋಶ. ತಗುಲಿದ ಮೇಲೂ ಅರ್ಧ ಗಂಟೆಯಾದರೂ ಕದಲದೆ ಕುಳಿತಿರಬೇಕು, ಅಟ್ಟಿಸಿಕೊಂಡು ಹೋದರೆ ಗಾಯಗೊಂಡ ಪ್ರಾಣಿ ಮೈಲುಗಟ್ಟಲೆ ಓಡಿ ಕೈತಪ್ಪುತ್ತದೆ.

ಬಿದ್ದ ಮೇಲಿನ ಕೆಲಸವನ್ನು ಚಿತ್ರ ಹಾಕುವವರು ಯಾರೂ ತೋರಿಸುವುದಿಲ್ಲ. ದೊಡ್ಡ ಗಂಡು ಮುನ್ನೂರು ಕಿಲೋ ತೂಗುತ್ತದೆ. ಮೂಳೆ ತೆಗೆದರೂ ತೊಂಬತ್ತು ಕಿಲೋದಷ್ಟು ಮಾಂಸ. ತಿನ್ನಬಹುದಾದದ್ದನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ, ಮಾರುವುದೂ ಅಪರಾಧ. ಚರ್ಮ ಬಿಸಿಯನ್ನು ಹಿಡಿದಿಡುವುದರಿಂದ ಕೂಡಲೇ ಸುಲಿದು, ತೊಡೆ, ಮುಂಗಾಲು, ಬೆನ್ನಿನ ಮಾಂಸ ಬೇರ್ಪಡಿಸಿ, ಹತ್ತಿಬಟ್ಟೆಯ ಚೀಲದಲ್ಲಿ ನೆರಳಿಗೆ ತೂಗುಹಾಕಬೇಕು. ಆಮೇಲೆ ಬೆನ್ನ ಮೇಲೆ ಹೊತ್ತು ರಸ್ತೆಗೆ, ಮತ್ತೆ ವಾಪಸ್, ಮತ್ತೆ ಹೊತ್ತು. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ನೀವು ಹೊರೆ ಹೊರುವ ಜಾಗ 3,000 ಮೀಟರ್ ಇರಬಹುದು, ಬರಿಗೈಯಲ್ಲೇ ಉಸಿರು ಕಟ್ಟುತ್ತದೆ.

ಅದಕ್ಕೇ ಹೇಳುತ್ತೇನೆ, ಮೊದಲ ಸೆಪ್ಟೆಂಬರ್ ಬಿಲ್ಲಿಲ್ಲದೆ, ಹೊರುವವರಾಗಿ ಹೋಗಿ. ಗೆಳೆಯರಿಗೆ ಏನೂ ಸಿಗದೆ ಇರುವ ಸಂಭವವೇ ಹೆಚ್ಚು. ಇಲ್ಲಿ ಬಿಲ್ಲು ಹಿಡಿದು ಹೋದ ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಎಲ್ಕ್ ಸಿಕ್ಕರೆ ಹೆಚ್ಚು, ಮರದ ಬಿಲ್ಲಿನವರಿಗೆ ಅದಕ್ಕಿಂತಲೂ ಕಡಿಮೆ ಎಂದಿಟ್ಟುಕೊಳ್ಳಿ. ಸಿಕ್ಕರೆ, ಸುಲಿಯುವಾಗ ಕಾಲು ಹಿಡಿದುಕೊಂಡು ನಿಲ್ಲಿ. ಹೊಟ್ಟೆ ತೊಳಸಿ ದೂರ ಹೋಗಬೇಕೆನಿಸಿದರೆ ಅದೂ ಒಂದು ಉತ್ತರವೇ. ಬಿಲ್ಲು ಕಲಿತು ಹುಲ್ಲಿನ ಗುರಿಗೆ ಹೊಡೆಯುತ್ತಾ ಸುಖವಾಗಿರುವವರು ಬೇಕಾದಷ್ಟು ಮಂದಿ ಇದ್ದಾರೆ. ಮಾಂಸ ತಿನ್ನದವರು ಬೇಟೆಗೆ ಹೋಗಬಾರದು ಎಂಬುದು ನನ್ನ ಹಠ. ನೀವು ತಿನ್ನುತ್ತೀರೋ ಇಲ್ಲವೋ ಬರೆದಿಲ್ಲ.

ಊರಿನವರಿಗೆ ಏನು ಹೇಳುವುದು? 1900ರ ಹೊತ್ತಿಗೆ ಇಲ್ಲಿ ಎಲ್ಕ್ ಬಹುತೇಕ ಅಳಿದಿತ್ತು, 1913–14ರಲ್ಲಿ ಎಸ್ಟಿಸ್ ಪಾರ್ಕ್ ಎಂಬ ಊರಿಗೆ ಯೆಲ್ಲೋಸ್ಟೋನ್ ಕಡೆಯಿಂದ ತಂದು ಬಿಟ್ಟರು, ಈಗ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚಿವೆ, ಅವುಗಳ ಪಾಲನೆಯ ಖರ್ಚಿನ ದೊಡ್ಡ ಪಾಲು ಬೇಟೆಗಾರರ ಶುಲ್ಕದಿಂದಲೇ ಬರುತ್ತದೆ ಎಂದು ಲೆಕ್ಕ ಒಪ್ಪಿಸಬಹುದು. ಎಲ್ಲವೂ ನಿಜ. ಆದರೆ ಲೆಕ್ಕ ಕೇಳಿ ಯಾವ ತಾಯಿಯೂ ಮನಸ್ಸು ಬದಲಿಸಿದ್ದನ್ನು ನಾನು ಕಂಡಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಕೇಳಿದ್ದು ಒಂದೇ, ಕರಡಿ ಇದೆಯೇ ಎಂದು. ಇದೆ ಎಂದೆ. ಅಷ್ಟು ಸಾಕಾಗಿತ್ತು, ಪ್ರತಿ ಸೆಪ್ಟೆಂಬರ್‌ನಲ್ಲೂ ಫೋನಿನಲ್ಲಿ ಬೈಗುಳಕ್ಕೆ.

ಹೊರೆ ಹೊತ್ತು ಬಂದ ಮೇಲೂ ಬಿಲ್ಲು ಕೆತ್ತುವ ಆಸೆ ಉಳಿದಿದ್ದರೆ ಬರೆಯಿರಿ. ನನ್ನ ಗ್ಯಾರೇಜಿನಲ್ಲಿ ಒಸೇಜ್ ಸೀಳುಗಳು ಒಣಗುತ್ತಿವೆ. ಅವುಗಳಲ್ಲಿ ತಿರುಚಿಕೊಂಡಿರುವುದೊಂದನ್ನು ಕೊಡುತ್ತೇನೆ. ನೇರವಾದದ್ದನ್ನು ಕೊಡುವಷ್ಟು ಉದಾರಿ ನಾನಲ್ಲ.