ಚೆನ್ನೈಯಲ್ಲಿರುವ ತಮ್ಮನಿಗೆ ಕರೆ ಹೋಗದಿದ್ದರೆ

ಇಂಡೋನೇಷ್ಯಾದ ಸುಮಾತ್ರಾ ಬಳಿ ಭೂಕಂಪವಾಗಿ ಸುನಾಮಿ ಎಚ್ಚರಿಕೆ ಬಂದ ಮೇಲೆ ಚೆನ್ನೈಯಲ್ಲಿ ಗಾರೆ ಕೆಲಸಕ್ಕಿರುವ ತಮ್ಮನಿಗೆ ಸಿಂಧನೂರಿನಿಂದ ಕರೆ ಹೋಗುತ್ತಿಲ್ಲ ಎಂದಿದ್ದೀರಿ. ಬಹುಮಟ್ಟಿಗೆ ಇದು ನೆಟ್‌ವರ್ಕ್ ದಟ್ಟಣೆ. 2012ರ ಏಪ್ರಿಲ್ 11ರಂದು ಅಲ್ಲೇ ಭೂಕಂಪವಾದಾಗ ಚೆನ್ನೈಯಲ್ಲಿದ್ದ ನನ್ನ ಭಾವನಿಗೂ ಸಂಜೆಯವರೆಗೆ ಕರೆ ಹೋಗಲಿಲ್ಲ, ಅವರು ಆರಾಮವಾಗಿದ್ದರು.

ಮೊದಲು ಪದೇ ಪದೇ ಕರೆ ಮಾಡುವುದನ್ನು ನಿಲ್ಲಿಸಿ, ಅವನ ಬ್ಯಾಟರಿ ಉಳಿಯಲಿ. ಸಾದಾ ಎಸ್‌ಎಂಎಸ್ ಕಳುಹಿಸಿ, ವಾಟ್ಸ್‌ಆಪ್ ಅಲ್ಲ. ದಾರಿ ಸಿಕ್ಕಾಗ ಅದು ತಾನೇ ತಲುಪುತ್ತದೆ. ಹೀಗೆ ಬರೆಯಿರಿ: "ದಂಡೆ ಬಿಟ್ಟು ಊರೊಳಗೆ ನಡೆ. ಆಗದಿದ್ದರೆ ಗಟ್ಟಿ ಕಾಂಕ್ರೀಟ್ ಕಟ್ಟಡದ ಮೂರನೇ ಮಹಡಿ ಹತ್ತು. ಸಮುದ್ರ ನೋಡಲು ಹೋಗಬೇಡ. ಎಲ್ಲಿದ್ದೀಯ, ತಿಳಿಸು." ಸುನಾಮಿಯ ಮೊದಲ ಅಲೆಯೇ ದೊಡ್ಡದಾಗಿರಬೇಕೆಂದಿಲ್ಲ, ನೀರು ಇಳಿಯಿತೆಂದು ಸಾಮಾನು ತರಲು ಹಿಂದಿರುಗುವುದೇ ಅಪಾಯ. 2004ರಲ್ಲಿ ಅಲೆ ಚೆನ್ನೈ ಮುಟ್ಟಲು ಎರಡು ಗಂಟೆಗೂ ಹೆಚ್ಚು ಹಿಡಿದಿತ್ತು, ಅಂದರೆ ನಡೆದು ಹೋಗಲು ಸಮಯವಿರುತ್ತದೆ.

ಟಿ.ವಿ.ಯವರು ಎಲ್ಲವನ್ನೂ ಒಂದೇ ದನಿಯಲ್ಲಿ ಕೂಗುತ್ತಾರೆ. ಸುನಾಮಿ ಎಚ್ಚರಿಕೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ (INCOIS) ಸಂಸ್ಥೆಯ ಜಾಲತಾಣದಲ್ಲಿ ಚೆನ್ನೈಗೆ ಯಾವ ಹಂತ ಎಂದು ನೋಡಿ: 'ವಾರ್ನಿಂಗ್' ಎಂದರೆ ಜಾಗ ಖಾಲಿ ಮಾಡಬೇಕು, 'ಅಲರ್ಟ್' ಎಂದರೆ ದಂಡೆಯಿಂದ ದೂರವಿರಬೇಕು, 'ವಾಚ್' ಎಂದರೆ ತಕ್ಷಣ ಓಡಬೇಕಿಲ್ಲ. 2012ರಲ್ಲಿ 8.6 ತೀವ್ರತೆಯಿದ್ದರೂ ದೊಡ್ಡ ಅಲೆ ಏಳಲಿಲ್ಲ, ಏಕೆಂದರೆ ಕಡಲ ತಳದ ನೆಲ ಹೆಚ್ಚಾಗಿ ಮೇಲೆ ಕೆಳಗೆ ಆಗದೆ ಅಡ್ಡಕ್ಕೆ ಸರಿದಿತ್ತು. ಈ ಸಲವೂ ಹಾಗೆಯೇ ಎಂದು ನಾನು ಹೇಳಲಾರೆ.

ಅವನ ಕೆಲಸದ ಜಾಗ ಕಡಲಿಗೆ ಎಷ್ಟು ಹತ್ತಿರವೆಂದು ನೀವು ಬರೆದಿಲ್ಲ. ಮೇಸ್ತ್ರಿಗೂ ಜೊತೆಗಾರರ ಮನೆಗಳಿಗೂ ವಿಚಾರಿಸಿ. ಎಚ್ಚರಿಕೆ ಹಿಂಪಡೆದ ಮೇಲೂ ಉತ್ತರವಿಲ್ಲದಿದ್ದರೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ ಹೆಸರು, ಮೊಬೈಲ್ ಸಂಖ್ಯೆ, ಕೆಲಸದ ವಿಳಾಸ ಬರೆಸಿ. ಅಲ್ಲಿಯವರೆಗೆ ಚೆನ್ನೈಗೆ ಬಸ್ ಹತ್ತಬೇಡಿ.